ಕೌಂಟ್ ಏರುವವರೆಗೆ ಬಾಗಿಲಾಚೆ

ಅಪ್ಪನ ರಕ್ತದಲ್ಲಿ ಬಿಳಿ ಕಣಗಳು ವಿಪರೀತ ಹೆಚ್ಚಿವೆ ಎಂದು ಮಧುಗಿರಿಯ ಲ್ಯಾಬಿನವರು ಹೇಳಿದಾಗ ನಮ್ಮ ಚಿಕ್ಕಮ್ಮ ಖುಷಿಪಟ್ಟಿದ್ದಳು. ರಕ್ತ ಕಮ್ಮಿ ಎನ್ನುವುದನ್ನಷ್ಟೇ ಕೇಳಿ ಬೆಳೆದವಳು ಅವಳು. "ಜಾಸ್ತಿ ಇದ್ರೆ ಒಳ್ಳೇದೇ ಅಲ್ವೇನಮ್ಮಿ?" ಎಂದಳು. ಅದು ರಕ್ತದ ಕ್ಯಾನ್ಸರ್ ಎಂದು ಬೆಂಗಳೂರಿನ ಆಸ್ಪತ್ರೆಯಲ್ಲಿ ಗೊತ್ತಾಯಿತು. ಅಲ್ಲಿ ಔಷಧಿ ಕೊಟ್ಟು ಊರಿಗೆ ಕಳಿಸಿದ ಮೇಲೆ ಆ ಕಣಗಳ ಲೆಕ್ಕ, ಡಾಕ್ಟರ ಬಾಯಲ್ಲಿ ಕೌಂಟ್, ಪಾತಾಳಕ್ಕೆ ಇಳಿಯಿತು. ಈಗ ಕಮ್ಮಿಯಾಗಿದೆ ಎಂದು ನಾವು ಅಳುಮೋರೆ ಹಾಕಿದರೆ, ನಮಗೇ ತಲೆ ಕೆಟ್ಟಿದೆ ಎಂದುಕೊಂಡಳು ಚಿಕ್ಕಮ್ಮ.

ಅಪ್ಪ ರಿಟೈರಾದ ಮೇಷ್ಟ್ರು, ಪಾಠ ಮಾಡದೆ ಇರಲಾರರು. "ಮದುವೆ ಮನೇಲಿ ಉಣ್ಣಕ್ಕೆ ಕೂತೋರು ಸಾವಿರ ಜನ, ಬಡಿಸೋರು ಒಬ್ರೋ ಇಬ್ರೋ. ಅಂಗಾಗಿತ್ತು ನನ್ನ ರಕ್ತ. ಔಷಧಿ ಬಂದು ಎಲ್ಲರನ್ನೂ ಓಡಿಸ್ತು, ಇದ್ದಬದ್ದ ಬಡಿಸೋರನ್ನೂ ಸೇರಿಸಿ. ಹೊಸಬರು ಬರೋಗಂಟ ಚಪ್ಪರ ಖಾಲಿ" ಎಂದು ಅವಳಿಗೆ ತಿಳಿಸಿ ಹೇಳಿದರು. ರೋಗ ತಡೆಯುವ ಕಣಗಳು ಮತ್ತೆ ಹುಟ್ಟುವವರೆಗೆ ಯಾರದೋ ನೆಗಡಿಯೂ ಅವರ ಜೀವ ತೆಗೆಯಬಹುದಿತ್ತು. ಯಾರನ್ನೂ ಹತ್ತಿರ ಬಿಡಬೇಡಿ, ಜ್ವರ ಬಂದರೆ ಆ ಗಳಿಗೆಯೇ ಹೊರಟು ಬನ್ನಿ ಎಂದಿದ್ದರು ಡಾಕ್ಟರು.

ಇಷ್ಟು ಚೆನ್ನಾಗಿ ಪಾಠ ಹೇಳಿದ ಮನುಷ್ಯ ಅದನ್ನು ಪಾಲಿಸಲು ಮಾತ್ರ ಒಪ್ಪಲಿಲ್ಲ. ಕಾಯಿಲೆಯವರನ್ನು ನೋಡಿಕೊಂಡು ಹೋಗದಿದ್ದರೆ ನಮ್ಮ ಕಡೆ ನೆಂಟಸ್ತನವೇ ಮುರಿಯುತ್ತದೆ. ಕೊರಟಗೆರೆಯಿಂದ, ಪಾವಗಡದಿಂದ ಬ್ರೆಡ್ಡು, ಮೂಸಂಬಿ ಹಿಡಿದು ಬರುತ್ತಲೇ ಇದ್ದರು. ನಾನು ಬಾಗಿಲಲ್ಲಿ ಕಾವಲು ಕೂತೆ. ನನ್ನ ಬಾಯಿ ಜೋರು, ಆ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು.

"ಯಾರನ್ನೂ ಆಚೆ ನಿಲ್ಲಿಸಬ್ಯಾಡ ಕಣಮ್ಮ" ಎಂದು ಅಪ್ಪ ಒಳಗಿನಿಂದ ಗದರುತ್ತಿದ್ದರು. ನಾವು ದಲಿತರು. ಬೇರೆಯವರ ಹೊಸ್ತಿಲಾಚೆ ನಿಂತೇ ಅಪ್ಪನ ಬಾಲ್ಯ ಕಳೆದಿತ್ತು. ತನ್ನ ಮನೆಯ ಬಾಗಿಲಲ್ಲಿ ಮಾತ್ರ ಯಾರೂ ನಿಲ್ಲಬಾರದು ಎಂಬುದು ಅವರ ಹಟ. ನಾನು ಸೋದರತ್ತೆಯನ್ನೂ ಹಾಗೇ ವಾಪಸ್ ಕಳಿಸಿದ ದಿನ ಊಟ ಬಿಟ್ಟರು. ಮೊದಲೇ ಸೊರಗಿದ ದೇಹ. "ನಿಮಗೆ ನಿಮ್ಮ ಹಟ ಮುಖ್ಯ, ನನಗೆ ನನ್ನಪ್ಪ ಮುಖ್ಯ" ಎಂದು ಕಿರುಚಿ, ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ಮಾರನೆಯ ಮಧ್ಯಾಹ್ನ ಅಪ್ಪನ ಜೊತೆ ಓದಿದ ಗೆಳೆಯ ಬಂದರು. ಊರ ಗೌಡರ ಮನೆಯವರು. ಅಪ್ಪ ಇವತ್ತಿಗೂ ಅವರ ಮನೆಯ ಜಗಲಿ ದಾಟಿ ಒಳಗೆ ಹೋಗಿಲ್ಲ. ಆ ಸಿಟ್ಟೂ ಸೇರಿತೋ ಏನೋ, "ಅಲ್ಲೇ ನಿಲ್ಲಿ" ಎಂದೆ. ಅವರು ಬಿಸಿಲಲ್ಲೇ ನಿಂತರು. ಅಪ್ಪ ಕಿಟಕಿ ತೆಗೆದರು.

"ಒಳೀಕ್ ಬಾರ್ಲಾ. ಅವಳ ಮಾತೇನ್ ಕೇಳ್ತೀಯ?"

"ಬರಲ್ಲ ಕಣ್ಲಾ. ನಿನ್ನ ಸಾಯ್ಸಕ್ಕೆ ಬಂದಿಲ್ಲ ನಾನು."

"ನನ್ನ ಬಾಗ್ಲಾಗೆ ನಿನ್ನ ನಿಲ್ಲಿಸಿ ನಾನೆಂಗ್ಲಾ ಅನ್ನ ತಿನ್ಲಿ?"

ಗೆಳೆಯ ಬಿಸಿಲಿಗೆ ತಲೆ ಮೇಲೆ ಟವೆಲ್ ಹಾಕಿಕೊಂಡರು. "ಇಷ್ಟೊತ್ತು ನಿಂತಿದ್ದುಕ್ಕೇ ನಂಗೆ ಒಂಥರಾ ಆಗ್ತೈತೆ. ಚಿಕ್ಕೋರಿದ್ದಾಗ ಬೊಗಸೆಗೆ ನೀರು ಹುಯ್ಯೋರು ಬರ್ಲಿ ಅಂತ ನಮ್ಮನೆ ಮುಂದೆ ಕಾಯ್ತಾ ನಿಂತಿರ್ತಿದ್ದಲ್ಲ, ಹೆಂಗ್ಲಾ ನಿಂತಿದ್ದೆ ನೀನು?"

"ಬಾಯಾರಿರ್ತಿತ್ತು ಕಣ್ಲಾ" ಎಂದರು ಅಪ್ಪ.

ಗೆಳೆಯ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಎಷ್ಟು ಒರೆಸಿದರೂ ಕಣ್ಣು ಒಣಗಲಿಲ್ಲ. ಅಪ್ಪ ಅದನ್ನು ನೋಡುತ್ತಾ ನಿಂತಿದ್ದವರು ಕಿಟಕಿಯಿಂದ ಹಿಂದೆ ಸರಿದು ನನ್ನನ್ನು ಕರೆದರು. "ಅವನಿಗೆ ಅಂಗಳದಾಗೆ ತಟ್ಟೆ ಇಡಮ್ಮ. ನನಗಿಲ್ಲೇ ಇಡು. ಇಬ್ರೂ ಉಣ್ತೀವಿ."

ಅವತ್ತು ಅಪ್ಪ ಮುದ್ದೆ ಉಂಡರು. ಕೌಂಟ್ ಏರುವವರೆಗೆ ಮತ್ತೆ ಯಾರನ್ನೂ ಒಳಗೆ ಕರೆಯಲಿಲ್ಲ.