ತೊಮೆ ಅಜ್ಜಿಯ ಉಪ್ಪುನೀರು

ಮಿಯಾಕೆ ದ್ವೀಪದ ಜ್ವಾಲಾಮುಖಿ ಬಾಯ್ದೆರೆದು ಊರಿಗೆ ಊರೇ ಹಡಗು ಹತ್ತಿದ ವರ್ಷ, ತೊಮೆ ಅಜ್ಜಿ ಟೋಕಿಯೋದಲ್ಲಿ ನಮ್ಮ ಪಕ್ಕದ ಮನೆಗೆ ಬಂದರು. ಗಂಡನ ಫೋಟೊ ಕೂಡ ತಂದಿರಲಿಲ್ಲ. ತಂದದ್ದು ಒಂದು ಬಾಟಲಿ ಕಂದು ಉಪ್ಪುನೀರು.

ಕುಸಾಯ ಎಂಬ ಒಣಮೀನು ಮಾಡುವವರ ಆಸ್ತಿ ಅದೇ. ಸೀಳಿದ ಮೀನನ್ನು ಅದರಲ್ಲಿ ನೆನೆಸಿ, ತೊಳೆದು, ಒಣಗಿಸುತ್ತಾರೆ. ನೀರನ್ನು ಮಾತ್ರ ಚೆಲ್ಲುವುದಿಲ್ಲ. ಅಜ್ಜಿಯದು ಅವರ ಅತ್ತೆಯ ಅತ್ತೆಯ ಕಾಲದ್ದು. ಮದುವೆಯಾದಾಗಿನಿಂದ ಐವತ್ತೈದು ವರ್ಷ ಅದಕ್ಕೆ ಮೀನು ಉಣಿಸಿದ್ದರು. ಮೀನು ಕಾಣದಿದ್ದರೆ ಅದು ಸಾಯುತ್ತದಂತೆ. ಊರಿಗೆ ಮರಳುವ ದಿನ ಇದೊಂದು ಜೀವಂತವಿದ್ದರೆ ಸಾಕು ಎನ್ನುತ್ತಾ, ಬಾಲ್ಕನಿಯಲ್ಲಿ ಜಾಡಿಯಿಟ್ಟು ಎರಡು ದಿನಕ್ಕೊಮ್ಮೆ ಬಂಗುಡೆ ಅದ್ದುತ್ತಿದ್ದರು.

ಮರುವರ್ಷ ನನ್ನ ಮಗನಿಗೆ ಏಳು ತಿಂಗಳು, ಮೈತುಂಬ ಕೆಂಪು ಗಂದೆ. ಜಾಡಿಯ ಕೊಳೆತ ನಾತ ನಮ್ಮ ಬಾಲ್ಕನಿಗೂ ಹಬ್ಬುತ್ತಿತ್ತು; ಅದು ಅವನ ಬಟ್ಟೆಗೆ ಮೆತ್ತಿಕೊಂಡರೆ ಏನಾದೀತೋ ಎಂದು ನನಗೆ ಒಂದೇ ಸಮನೆ ಭಯ.

"ಅಜ್ಜಿ, ಇದರಿಂದ ಮಗೂಗೆ ಏನೂ ಆಗಲ್ವಾ?"

"ಆಗೋದೇನವ್ವಾ! ನನ್ ಮಕ್ಳು ಮಂಡಿ ತರ್ಚ್ಕೊಂಡ್ರೆ ಇದನ್ನೇ ಹಚ್ತಿದ್ದೆ. ತತ್ತಾ, ಇವ್ನಿಗೂ ಒಂದು ತೊಟ್ಟು ಹಚ್ತೀನಿ."

ನಾನು ಮಗುವನ್ನು ಎದೆಗವಚಿಕೊಂಡೆ. ಅಜ್ಜಿ ನಕ್ಕುಬಿಟ್ಟರು. "ಪಟ್ಟಣದ ಮೂಗು! ಹೂವು ಬಿಟ್ರೂ ಸೀನ್ತದೆ."

ಮಾರನೆಯ ದಿನ ವಸತಿ ಕಚೇರಿಗೆ ಫೋನು ಮಾಡಿದೆ. ನನ್ನ ಹೆಸರು ಹೇಳಲಿಲ್ಲ. ಕಚೇರಿಯವರು ಯಾರೋ ಬಂದು ಜಾಡಿಗೆ ಮುಚ್ಚಳ ಬಿಗಿಸಿ, ಟೇಪು ಸುತ್ತಿ, ಇನ್ನು ತೆಗೆಯಕೂಡದು ಎಂದು ಹೇಳಿ ಹೋದರು. ಸರ್ಕಾರ ಕೊಟ್ಟ ಹಂಗಿನ ಮನೆ; ಅಜ್ಜಿ ಎದುರಾಡಲಿಲ್ಲ. ಬೇಸಿಗೆಯುದ್ದಕ್ಕೂ ನಾತವಿರಲಿಲ್ಲ. ಮಗನ ಗಂದೆ ಮಾತ್ರ ಹಾಗೇ ಇತ್ತು.

ಬೇಸಿಗೆ ಕಳೆದ ಮೇಲೆ ಒಂದು ದಿನ ಅಜ್ಜಿ ಬಾಗಿಲು ತಟ್ಟಿದರು. ಕೈಯಲ್ಲಿ ಟೇಪು ಬಿಚ್ಚಿದ ಜಾಡಿ.

"ನನ್ ಮೂಗು ಹಳೇದಾಯ್ತು ಕಣವ್ವ. ನಿಂದು ಚುರುಕು. ಮೂಸಿ ಹೇಳು, ಅದೇ ವಾಸ್ನೆಯಾ?"

ಮೂಸಿದೆ. ಹಳೆಯ ನಾತದ ಒಳಗೊಂದು ಸಿಹಿಯಿತ್ತೆಂದು ತಿಳಿದದ್ದೇ ಆಗ. ಇದು ಬರೀ ಚರಂಡಿ. ಸುಳ್ಳು ಹೇಳಬಹುದಿತ್ತು, ಆದರೆ ನಂಬಿ, ಮೀನು ಅದ್ದಿ ತಿಂದುಬಿಟ್ಟರೆ?

"ಅದಲ್ಲ ಅಜ್ಜಿ."

"ಸರ್ಯಾಗಿ ನೋಡು."

"ಅಲ್ಲ."

"ನೀನು ದೂರು ಕೊಟ್ಟ ವಾಸ್ನೆ ಅಲ್ಲ ಅಂದ್ಮೇಲೆ, ಹೋಯ್ತು ಬಿಡು."

ಅವರ ದನಿ ಏರಲಿಲ್ಲ. ಆಮೇಲೆ ಗೋಡೆಯಾಚೆ ಬಚ್ಚಲಿಗೆ ಸುರಿಯುವ ಸದ್ದು ಬಹಳ ಹೊತ್ತು ಕೇಳಿಸಿತು.

ಮೂರು ವರ್ಷ ಕಳೆದು ದ್ವೀಪದವರಿಗೆ ಮರಳಲು ಅಪ್ಪಣೆಯಾಯಿತು. ಅಜ್ಜಿ ಹೆಸರು ಬರೆಸಲಿಲ್ಲ. ಯಾಕೆಂದು ನಾನು ಕೇಳಲಿಲ್ಲ. ಮಾತು ಕಲಿತಿದ್ದ ಮಗ ಕೇಳಿದ.

"ಹೋಗಿ ಮೀನನ್ನ ಯಾತ್ರಲ್ಲಿ ಅದ್ಲಿ, ಮಗ?" ಎಂದರು.