ಪ್ರೇಮಾಬಾಯಿಯ ಫಿಂಚ್ ಜೋಡಿ

ಬೀದರಿನಲ್ಲಿ ತಂಗಿಯ ಬಾಣಂತನ ಮುಗಿಸಿ ಪ್ರೇಮಾಬಾಯಿ ಔರಂಗಾಬಾದಿನ ಮನೆಗೆ ಮರಳಿದಾಗ ಹೆಣ್ಣು ಫಿಂಚ್ ಹಕ್ಕಿ ಪಂಜರದ ತಳದಲ್ಲಿ ಮೈ ಉಬ್ಬಿಸಿಕೊಂಡು ಕೂತಿತ್ತು. ಹಾಕಿದ ನವಣೆ ಹಾಗೇ ಇತ್ತು. ಆಗಾಗ ಕತ್ತೆತ್ತಿ ಕೂಗುತ್ತಿತ್ತು; ಉತ್ತರ ಬಾರದೆ ಸುಮ್ಮನಾಗುತ್ತಿತ್ತು.

“ಇದರ ಜೋಡಿ ಎಲ್ಲಿ ಅದರಿ?”

ಗಂಡ ವಿಶ್ವನಾಥಪ್ಪ ಪೇಪರಿನಿಂದ ಮುಖ ಎತ್ತಲಿಲ್ಲ. “ನಾಸಿಕದ ಲಾಲಸಾಬಗ ಕೊಟ್ಟೆ. ಹಾಡೋ ಗಂಡು ಬೇಕಂದಿದ್ದ. ಇನ್ನೊಂದು ಗಂಡು ಬಿಡು, ಮುಗೀತು.”

ಹಿತ್ತಲ ವರಾಂಡದಲ್ಲಿ ಈ ಪುಟ್ಟ ಹಕ್ಕಿಗಳನ್ನು ಸಾಕಿ ಮಾರುತ್ತ ಬಂದ ಪ್ರೇಮಾಬಾಯಿ, ಒಮ್ಮೆ ಕೂಡಿದ ಜೋಡಿಯನ್ನು ಎಂದೂ ಒಡೆದವಳಲ್ಲ. ಆದರೂ ಇನ್ನೊಂದು ಗಂಡು ಹಕ್ಕಿಯನ್ನು ಪಂಜರಕ್ಕೆ ಬಿಟ್ಟು ನೋಡಿದಳು. ಅದು ಹಾಡುತ್ತ ಹತ್ತಿರ ಬಂದರೆ ಹೆಣ್ಣು ಕುಕ್ಕಿ ಓಡಿಸಿತು.

ಮರುದಿನ ಬೆಳಿಗ್ಗೆ ಅವಳು ಹೆಣ್ಣನ್ನು ಸಣ್ಣ ಪಂಜರಕ್ಕೆ ಹಾಕಿ, ಹಳೆ ಸೀರೆ ಸುತ್ತಿ, ನಾಸಿಕದ ಬಸ್ಸು ಹತ್ತಿದಳು. ವಿಶ್ವನಾಥಪ್ಪನೂ ಹಿಂದೆಯೇ ಹತ್ತಿದ. ದಾರಿಯುದ್ದಕ್ಕೂ ಪಂಜರದಿಂದ ಸದ್ದಿಲ್ಲ. ಸತ್ತೇಹೋಯಿತೇನೋ ಎಂದು ಅವಳು ಮತ್ತೆ ಮತ್ತೆ ಬಟ್ಟೆ ಸರಿಸಿ ನೋಡಿದಳು.

ಲಾಲಸಾಬ ಗುಲಬರ್ಗಾ ಕಡೆಯವನು. ನಾಸಿಕದಲ್ಲಿ ಹಕ್ಕಿ ಅಂಗಡಿ ಇಟ್ಟಿದ್ದ. ಇವರು ಮುಟ್ಟುವ ಹೊತ್ತಿಗೆ ಅವನು ಪಂಜರಗಳನ್ನು ಮುಂಬಯಿಗೆ ಹೊರಟ ಟೆಂಪೋಗೆ ಏರಿಸಿಯಾಗಿತ್ತು.

“ಎಲ್ಲಾವೂ ಕೆಂಪು ಚುಂಚು, ಕೆಂಪು ಗಲ್ಲ. ನಿಮ್ಮದು ಯಾವುದಂತ ನಾ ಹೆಂಗ ಹೇಳ್ಲಿ ಅಕ್ಕಾವ್ರ? ಚಲೋದೊಂದು ಆರಿಸ್ಕೊಂಡು ಹೋಗ್ರಿ.”

“ನಾ ಆರಿಸಂಗಿಲ್ಲರಿ, ಇದೇ ಆರಿಸ್ತದ. ಒಂದೊಂದ ಪಂಜರ ಇಳಸ್ರಿ.”

ಡ್ರೈವರ್ ಹಾರ್ನ್ ಹೊಡೆದ. ಒಂದು ಪಂಜರ ಇಳಿಯಿತು. ಗಂಡುಗಳು ಗದ್ದಲ ಎಬ್ಬಿಸಿದವು. ಬಟ್ಟೆಯೊಳಗೆ ಮಾತ್ರ ಸದ್ದಿಲ್ಲ. ಇನ್ನೊಂದು ಇಳಿಯಿತು. ಅದೂ ಹಾಗೆಯೇ.

“ಸಾಕು, ನಡಿ,” ಎಂದು ವಿಶ್ವನಾಥಪ್ಪ ಅವಳ ಮೊಣಕೈ ಹಿಡಿದ. ಅವಳು ಕೊಸರಿಕೊಂಡಳು.

ಡ್ರೈವರನ ಅವಸರಕ್ಕೆ ಇಳಿಸಿದ್ದನ್ನೆಲ್ಲ ಮತ್ತೆ ಏರಿಸಿ ಲಾಲಸಾಬ ಟೆಂಪೋದ ಬಾಗಿಲು ಎಳೆಯುವಾಗ ಇಳಿಸದೇ ಉಳಿದಿದ್ದ ಒಳಗಿನ ಮೂಲೆಯ ಪಂಜರದಿಂದ ಒಂದು ಕೂಗು ಬಂತು. ಬಟ್ಟೆಯೊಳಗಿನ ಹೆಣ್ಣು ತಟ್ಟನೆ ಉತ್ತರ ಕೊಟ್ಟಿತು. ಮತ್ತೆ ಅದೇ ಕೂಗು, ಮತ್ತೆ ಉತ್ತರ.

“ಬಾಗ್ಲಾ ತೆಗಿ ಲಾಲಸಾಬ,” ಎಂದವನು ವಿಶ್ವನಾಥಪ್ಪ.

ಮೂಲೆಯ ಪಂಜರದಲ್ಲಿ ಒಂದು ಗಂಡು ಸರಳಿಗೆ ಎದೆಯೊತ್ತಿ ಕೂಗುತ್ತಿತ್ತು. ಲಾಲಸಾಬ ಅದನ್ನು ಹಿಡಿದು ಸಣ್ಣ ಪಂಜರಕ್ಕೆ ಬಿಟ್ಟ. ಹಕ್ಕಿಗಳೆರಡೂ ಅಡ್ಡಕಡ್ಡಿಯ ಎರಡು ತುದಿಗೆ ಕೂತವು. ಪ್ರೇಮಾಬಾಯಿ ಬಗ್ಗಿ ನೋಡಿದಳು. ಹೆಣ್ಣು ಮೆಲ್ಲಗೆ ಸರಿದು ಮೈಗೆ ಮೈ ಹಚ್ಚಿತು. ಗಂಡು ಅದರ ಕತ್ತಿನ ಪುಕ್ಕ ಸವರತೊಡಗಿತು.

ಮರಳುವ ಬಸ್ಸಿನಲ್ಲಿ ಅವು ಬಟ್ಟೆಯೊಳಗೆ ಪಿಸುಗುಟ್ಟುತ್ತಲೇ ಇದ್ದವು. ಆ ಹೆಣ್ಣು ಮುಂದೆ ಮೊಟ್ಟೆಯಿಡಲೇ ಇಲ್ಲ. ಪ್ರೇಮಾಬಾಯಿ ಆ ಜೋಡಿಯನ್ನು ಮಾರಲೂ ಇಲ್ಲ. ಉಳಿದ ಹಕ್ಕಿಗಳಲ್ಲಿ ಯಾರಾದರೂ ಒಂಟಿ ಗಂಡು ಕೇಳಿದರೆ ವಿಶ್ವನಾಥಪ್ಪನೇ ಗೊಣಗುತ್ತ, “ಜೋಡಿ ಬೇಕಾದ್ರ ಒಯ್ರಿ,” ಅನ್ನುತ್ತಿದ್ದ.