ಪಾಲು ತರತಕ್ಕದ್ದು

ಬೆಳಿಗ್ಗೆ ಹತ್ತು ಗಂಟೆ. ಬಿಸಿಲು ಆಗಲೇ ಏರಿತ್ತು. ಆಂಧ್ರದ ಗಡಿಯೂರು ಹಿಂದೂಪುರದ ಶಾಲೆಯೊಂದರ ಅಡುಗೆಕೋಣೆಯಲ್ಲಿ ಹಾಜರಿದ್ದವರು: ಮಕ್ಕಳಿಗೆ ಬಿಸಿಯೂಟ ಮಾಡುವ ಈ ಊರಿನ ಐವರು ಹೆಂಗಸರು, ಅದೇ ಕೆಲಸದ ಕಲ್ಯಾಣದುರ್ಗದ ಮೂವರು, ಮತ್ತು ಅಧ್ಯಕ್ಷನಾದ ನಾನು, ಅದೇ ಶಾಲೆಯ ಮೇಷ್ಟ್ರು.

ಅಡುಗೆಯವರು ತಮ್ಮ ಅನುಭವವನ್ನು ಪರಸ್ಪರ ಹಂಚಿಕೊಳ್ಳಲೆಂದು ನಾನೇ ಕಟ್ಟಿದ ಕೂಟವಿದು. ಹಿಂದಿನ ಎರಡು ಸಭೆಗಳಲ್ಲಿ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಈ ಸಲವೂ ಹಾಗಾದರೆ ಕೂಟವನ್ನೇ ಮುಚ್ಚುವುದೆಂದು ನಿಶ್ಚಯಿಸಿದ್ದೆ. ಆದ್ದರಿಂದ ಎಲ್ಲರಿಗೂ ಫೋನಿನಲ್ಲಿ ಕಟ್ಟುನಿಟ್ಟಾಗಿ ತಿಳಿಸಿದ್ದೆ: "ಪ್ರತಿಯೊಬ್ಬರೂ ತಮ್ಮ ಪಾಲು ತರತಕ್ಕದ್ದು."

ಕಲ್ಯಾಣದುರ್ಗದ ಮೂವರೂ ಹಾಲಿನ ಕ್ಯಾನು ಹಿಡಿದು ಬಂದರು.

"ಇದೇನಮ್ಮ?"

"ಪಾಲು ತೆಮ್ಮನ್ನಾರು ಕದಾ ಸಾರ್," ಎಂದರು ಅವರಲ್ಲಿ ಹಿರಿಯರಾದ ಗಂಗಮ್ಮ, ಪಾಲು ತರಲು ನೀವೇ ಹೇಳಿದಿರಲ್ಲ ಎಂಬಂತೆ. ತೆಲುಗಿನಲ್ಲಿ ಹಾಲಿಗೆ ಪಾಲು ಎನ್ನುತ್ತಾರೆಂಬುದು ನನಗೆ ಹೊಳೆಯುವ ಮೊದಲೇ ಉಳಿದವರೆಲ್ಲ ನಗುತ್ತಿದ್ದರು. ನಮ್ಮೂರಿನ ರತ್ನಮ್ಮ ಒಲೆ ಹಚ್ಚಿ ರಾಗಿ ಗಂಜಿ ಕಾಯಿಸಿ, ಅದಕ್ಕೆ ಆ ಹಾಲು ಸುರಿದು, ಬೆಲ್ಲಕ್ಕೆ ಕೈಹಾಕಿದರು.

ಗಂಗಮ್ಮ ಈ ಸಲ ಕನ್ನಡದಲ್ಲೇ ತಡೆದರು. "ಈಗ್ಲೇ ಬ್ಯಾಡ ಕಣಮ್ಮ, ಹಾಲು ಒಡೀತದೆ. ಇಳಿಸಿ, ಆರಿದ ಮ್ಯಾಲೆ ಹಾಕು."

"ಅದ್ಕೇನಾ ನಮ್ ಗಂಜಿ ದಿನಾ ಒಡೆಯೋದು? ನಾನು ಹಾಲಿನೋನ್ನ ಬೈತಿದ್ನಲ್ಲ."

ಆಮೇಲೆ ಎಂಟೂ ಜನ ಏಕಕಾಲಕ್ಕೆ ಮಾತಿಗಿಳಿದರು: ಗಂಟು, ತಳ ಹಿಡಿಯುವುದು, ಬೇಳೆ ಬೇಯದಿರುವುದು. ಒಬ್ಬೊಬ್ಬರಾಗಿ ಮಾತನಾಡಬೇಕೆಂಬ ನಿಯಮವನ್ನು ನೆನಪಿಸಲು ಎದ್ದೆ. ಯಾರೋ ನನ್ನ ಕೈಗೆ ಬಿಸಿ ಗಂಜಿಯ ಲೋಟವಿಟ್ಟರು. ಗಂಜಿ ಸೊಗಸಾಗಿತ್ತು, ಎರಡನೆಯ ಲೋಟ ಮುಗಿಯುವವರೆಗೂ ನಾನು ಮಾತನಾಡಲಿಲ್ಲ.

ಪಾತ್ರೆ ತೊಳೆಯುತ್ತ ರತ್ನಮ್ಮ ಗಂಗಮ್ಮನಿಗೆ ಹೇಳಿದರು: "ಮೇಷ್ಟ್ರು ಸುಮ್ಕಿದ್ರೆ ಮೀಟಿಂಗು ಬೋ ಚೆನ್ನಾಗಿ ನಡೀತದೆ ಕಣಕ್ಕ."